ಕುರ್ಚಿಯ ಮುಂದೆ ಹಾಸಿದ ಜಮಖಾನ

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ಆಸ್ಟಿನ್ನಿನ ಆ ಹಾಲ್‌ನಲ್ಲಿ ಆ ಶನಿವಾರ ಸಂಜೆ ಕುಣಿತ ಅರ್ಧಕ್ಕೆ ನಿಂತದ್ದು ನನ್ನಿಂದ. ಕರೆಂಟ್ ಹೋಗಿರಲಿಲ್ಲ, ಪಿಟೀಲಿನ ತಂತಿ ಹರಿದಿರಲಿಲ್ಲ, ಯಾರೂ ಜಾರಿ ಬಿದ್ದಿರಲಿಲ್ಲ. ನಾನು ಒಬ್ಬ ಅಜ್ಜಿಯ ದನಿಯಲ್ಲಿ ಎರಡು ಮಾತು ಕೂಗಿದೆ, ಅಷ್ಟೇ. ನನ್ನ ಅತ್ತಿಗೆ ಒಂದು ವರ್ಷದಿಂದ ಕಣ್ಣಿಟ್ಟಿದ್ದ ಕುರ್ಚಿ ಆ ಎರಡು ಮಾತಿಗೆ ಕೈತಪ್ಪುವುದರಲ್ಲಿತ್ತು.

ಬೇರೆಯವರ ದನಿ ಮಾಡುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಾಳಿ. ಮೈಸೂರಿನ ಶಾಲೆಯಲ್ಲಿ ಹೆಡ್‌ಮಾಸ್ಟರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದ್ದೆ. ನಿಜವಾದ ಹೆಡ್‌ಮಾಸ್ಟರೂ ಆಗ ಬಾಗಿಲಲ್ಲೇ ನಿಂತಿದ್ದರು ಎಂಬುದು ಆಮೇಲೆ ತಿಳಿಯಿತು. ಟೆಕ್ಸಾಸಿಗೆ ಬಂದ ಮೇಲೆ ಸರಕು ಹೆಚ್ಚಾಯಿತು. ಫೋನಿನಲ್ಲಿ ದಾರಿ ಹೇಳುವ ಹೆಂಗಸು, ಎಲ್ಲ ಮೀಟಿಂಗಿನಲ್ಲೂ ‘ಇದಕ್ಕೆ ಆಮೇಲೆ ಬರೋಣ’ ಎಂದು ಎಂದೂ ಬಾರದ ನನ್ನ ಮ್ಯಾನೇಜರು, ಯುಗಾದಿ ಕಾರ್ಯಕ್ರಮದಲ್ಲಿ ಮೈಕು ತಟ್ಟುತ್ತಲೇ ಅರ್ಧ ಭಾಷಣ ಮುಗಿಸುವ ಅಂಕಲ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮನೆಯ ಯಜಮಾನ ಮಾತ್ರ ಊರಲ್ಲಿರುವುದಿಲ್ಲ. ಅಮ್ಮ ಫೋನ್ ಎತ್ತಿದ ತಕ್ಷಣ ಕೇಳುವುದು ‘ಇವತ್ತು ಯಾರು ಮಾತಾಡ್ತಿರೋದು’ ಎಂದೇ.

ನಾನಿರುವುದು ಡಾಲಸ್ ವಿಮಾನ ನಿಲ್ದಾಣದ ಮಗ್ಗುಲಿನ ಯೂಲೆಸ್‌ನಲ್ಲಿ. ವಿಮಾನ ಇಳಿಯುವಾಗೆಲ್ಲ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತವೆ. ಅಣ್ಣ, ಅತ್ತಿಗೆ, ಅವರ ಮಗಳು ಇರುವುದು ಜಾರ್ಜ್‌ಟೌನಿನ ಹೊಸ ಬಡಾವಣೆಯಲ್ಲಿ. ಅಲ್ಲಿನ ಮನೆಗಳು ಒಂದೇ ತಟ್ಟೆಯಿಂದ ಎತ್ತಿದ ಇಡ್ಲಿಗಳಂತಿವೆ. ಒಮ್ಮೆ ಪಕ್ಕದ ಮನೆಯ ಬಾಗಿಲು ತಟ್ಟಿ, ತೆರೆದ ಗಡ್ಡದ ಮನುಷ್ಯರಿಗೆ ‘ಅತ್ತಿಗೆ, ಕಾಫಿ’ ಎಂದದ್ದೂ ಇದೆ. ಶುಕ್ರವಾರ ಕೆಲಸ ಮುಗಿಸಿ ಐ-ಥರ್ಟಿಫೈವ್ ಹೆದ್ದಾರಿ ಹಿಡಿದರೆ, ವೇಕೊದಲ್ಲಿ ಟ್ರಾಫಿಕ್ ಕೃಪೆ ಮಾಡಿದರೆ, ಊಟದ ಹೊತ್ತಿಗೆ ಅವರ ಮನೆ. ವಾರಾಂತ್ಯದ ಊಟ ನನ್ನ ಹಕ್ಕು. ಅದಕ್ಕೆ ಪ್ರತಿಯಾಗಿ ಮನೆಯವರನ್ನೆಲ್ಲ ಅವರವರ ಎದುರಿಗೇ ಅಣಕಿಸುವುದು ನನ್ನ ಕರ್ತವ್ಯ.

ಅತ್ತಿಗೆ ಧಾರವಾಡದವರು. ಸಮಾಧಾನದಲ್ಲಿದ್ದಾಗ ನನ್ನನ್ನು ‘ನೀ’ ಎನ್ನುತ್ತಾರೆ. ಸಿಟ್ಟು ಬಂದರೆ ‘ಬರ್ರಿ’, ‘ಕೂಡ್ರಿ’ ಎಂದು ಮರ್ಯಾದೆ ಶುರುವಾಗುತ್ತದೆ. ಮರ್ಯಾದೆ ಏರಿದಷ್ಟೂ ನಾನು ಬಾಗಿಲ ಕಡೆಗೆ ಸರಿಯುತ್ತೇನೆ.

ಮದುವೆಗೆ ಮುಂಚೆ ಅವರು ಊರಿನಲ್ಲಿ ಹಿಂದೂಸ್ತಾನಿ ಪಿಟೀಲು ಕಲಿತವರು. ಇಲ್ಲಿ ಕೆಲಸ, ಮಗು, ಮೇಲಿಂದ ಮೇಲೆ ಮನೆ ಶಿಫ್ಟ್ ಮಾಡಿದ ಗಲಾಟೆಯಲ್ಲಿ ಪಿಟೀಲು ಕಪಾಟಿನಲ್ಲಿ ಚಳಿಗಾಲದ ಕೋಟುಗಳ ಹಿಂದೆ ಸೇರಿಕೊಂಡಿತ್ತು. ಹೋದ ವರ್ಷ ಜಾರ್ಜ್‌ಟೌನಿನ ಚೌಕದಲ್ಲಿ ಒಬ್ಬ ಮುದುಕರು ಅದೇ ವಾದ್ಯ ನುಡಿಸುತ್ತಿದ್ದರಂತೆ. ಅವರ ಬಾಯಲ್ಲಿ ಅದು ಫಿಡಲ್. ಸ್ಕಾಟ್ಲೆಂಡಿನ ಗೇಲಿಕ್ ನುಡಿ ಆಡುವ ಜನ ತಮ್ಮ ದ್ವೀಪಗಳಿಂದ ಸಮುದ್ರ ದಾಟಿ ತಂದ ಕುಣಿತದ ಧಾಟಿಗಳನ್ನು ಅವರು ನುಡಿಸುತ್ತಿದ್ದರು. ಅತ್ತಿಗೆ ತರಕಾರಿ ಚೀಲ ಹಿಡಿದು ನಿಂತೇಬಿಟ್ಟರು. ಮುದುಕರು ‘ನೀವೂ ನುಡಿಸುತ್ತೀರಾ’ ಎಂದು ಫಿಡಲನ್ನು ಕೈಗೆ ಕೊಟ್ಟರು. ಅತ್ತಿಗೆ ಚೀಲ ಕೆಳಗಿಟ್ಟು, ಫುಟ್‌ಪಾತಿನ ಮೇಲೇ ಕಾಲು ಮಡಚಿ ಕೂತು, ಅದರ ತಲೆಯನ್ನು ಬಲಪಾದದ ಮೇಲೆ ಊರಿ, ಆಗಷ್ಟೇ ಕೇಳಿದ ಧಾಟಿಯನ್ನು ನುಡಿಸಿದರು. ಅವರು ಕೂತ ರಭಸ ನೋಡಿ ಯಾರೋ ಹೆಂಗಸಿಗೆ ತಲೆ ಸುತ್ತಿತೆಂದು ನೀರಿನ ಬಾಟಲಿ ತಂದರಂತೆ. ಮುದುಕರು ನಗಲಿಲ್ಲ. ತಾವೂ ಪಕ್ಕದಲ್ಲಿ ನೆಲಕ್ಕೆ ಕೂತು ಕೇಳಿದರು. ಅವರನ್ನು ಮತ್ತೆ ಏಳಿಸಲು ಜೊತೆಗಿದ್ದ ಅಣ್ಣ ಎರಡೂ ಕೈ ಕೊಡಬೇಕಾಯಿತು.

ಹೀಗೆ ಅತ್ತಿಗೆ ಅವರ ಗುಂಪಿಗೆ ಸೇರಿದರು. ತಿಂಗಳಿಗೊಮ್ಮೆ ಆಸ್ಟಿನ್ನಿನಲ್ಲೋ ಹ್ಯೂಸ್ಟನ್ನಿನಲ್ಲೋ ಡಾಲಸ್ಸಿನಲ್ಲೋ ಮರದ ನೆಲವಿರುವ ಒಂದು ಹಾಲ್ ಹಿಡಿಯುತ್ತಾರೆ. ಒಂದು ಫಿಡಲ್, ಒಂದು ಗಿಟಾರ್, ಒಂದು ಚಪ್ಪಟೆ ಡೋಲು. ಕುಣಿಯಲು ಬರುವವರೂ ಬಾರದವರೂ ಎದುರುಬದುರು ಎರಡು ಸಾಲಾಗಿ ನಿಲ್ಲುತ್ತಾರೆ. ಸಾಲಿನ ತಲೆಯಲ್ಲಿರುವ ಜೋಡಿ ಕೈ ಹಿಡಿದು ತಿರುಗುತ್ತಾ, ಎರಡೂ ಕಡೆಯವರನ್ನು ಒಬ್ಬೊಬ್ಬರಾಗಿ ತಿರುಗಿಸುತ್ತಾ, ನಡುವಿನಿಂದ ಕೆಳಕ್ಕೆ ಬಂದು ಸಾಲಿನ ಬಾಲಕ್ಕೆ ಸೇರುತ್ತದೆ. ಉಳಿದವರು ಒಂದೊಂದು ಹೆಜ್ಜೆ ಮೇಲಕ್ಕೆ. ಆಗ ಮುಂದಿನ ಜೋಡಿಯ ಸರದಿ. ಡೆಂಟಿಸ್ಟು, ಪ್ಲಂಬರು, ಕಾಲೇಜು ಹುಡುಗಿ, ರಿಟೈರಾದ ಜಡ್ಜು, ಯಾರೇ ಆಗಲಿ, ಒಂದು ಸುತ್ತಿನ ಮಟ್ಟಿಗೆ ಸಾಲಿನ ತಲೆಗೆ ಬಂದೇ ಬರುತ್ತಾರೆ. ಕೊನೆಯ ಜೋಡಿಗೂ ಸರದಿ ಸಿಗುವವರೆಗೆ ಕುಣಿತ ಮುಗಿಯುವ ಹಾಗಿಲ್ಲ.

ಫಿಡಲ್ ನುಡಿಸುವವರಿಗೆ ಒಂದು ಕುರ್ಚಿ. ಹಳೆಯದು, ಕೈಯಿಲ್ಲದ್ದು. ಯಾವ ಊರಿನ ಹಾಲ್ ಆದರೂ ಅದನ್ನೇ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ಅದರ ಬೆನ್ನಿಗೆ ಯಾರ ಕೋಟು ನೇತಾಡುತ್ತದೋ ಕುರ್ಚಿ ಅವರದು. ಇಷ್ಟು ವರ್ಷವೂ ನೇತಾಡಿದ್ದು ಆ ಮುದುಕರ ಕೋಟು. ಈಗ ಅವರ ಎಡಗೈ ಬೆರಳ ಗಂಟುಗಳು ಊದಿ ತಂತಿ ಒತ್ತಲು ಆಗುತ್ತಿರಲಿಲ್ಲ. ಬಿಟ್ಟುಕೊಡಲು ಅವರಿಗೆ ಅಂಥ ಬೇಸರವೂ ಇದ್ದಂತಿರಲಿಲ್ಲ. “ಮದುವೆಯಾದಾಗಿನಿಂದ ನಾನು ನುಡಿಸುತ್ತಾ ಬಂದೆ, ಇವಳು ಊರವರ ಜೊತೆ ಕುಣಿಯುತ್ತಾ ಬಂದಳು. ಇನ್ನು ನನ್ನ ಜೊತೆ ಕುಣಿಯಲಿ,” ಎಂದು ಹೆಂಡತಿಯ ಎದುರಿಗೇ ಹೇಳಿದರು. ಆಕೆ ಅದಕ್ಕೆಂದೇ ಕೆಂಪು ಶೂ ಕೊಂಡರು.

ಕುರ್ಚಿ ಸಿಗಲು ಇಂಟರ್‌ವ್ಯೂ ಇಲ್ಲ. ಒಂದು ಸಂಜೆ, ಒಂದು ಕುಣಿತಕ್ಕೆ, ಮೊದಲ ಜೋಡಿಯಿಂದ ಕೊನೆಯ ಜೋಡಿಯವರೆಗೆ ನುಡಿಸಬೇಕು. ಕುಣಿಯುವವರ ಕಾಲು ತಪ್ಪದಿದ್ದರೆ ಕುರ್ಚಿ ನಿಮ್ಮದು. ನಡುವೆ ನಿಂತರೆ ಬೇರೆಯವರನ್ನು ನೋಡುತ್ತಾರೆ. ಡಾಲಸ್ಸಿನಲ್ಲಿ ಒಬ್ಬ ಯುವಕ ಆಗಲೇ ಕೋಟು ಇಸ್ತ್ರಿ ಮಾಡಿಟ್ಟುಕೊಂಡಿದ್ದಾನೆ ಎಂದು ಡೋಲಿನವರು ಅತ್ತಿಗೆಗೆ ಕೇಳುವಂತೆ ಹೇಳುತ್ತಿದ್ದರು.

ಧಾಟಿ ಅತ್ತಿಗೆಗೆ ಮೊದಲ ದಿನವೇ ಬಂದಿತ್ತು. ಕಷ್ಟವಿದ್ದದ್ದು ಬೇರೆ ಕಡೆ. ನಮ್ಮಲ್ಲಿ ಕಲಿತವರ ಕೈ ಒಂದೇ ಕಡೆ ನಿಲ್ಲುವುದಿಲ್ಲ. ನಿಧಾನವಾಗಿ ಶುರುವಾಗಿ, ಬೆಳೆದು, ಕೊನೆಗೆ ಓಟ ಕಿತ್ತು, ಒಂದೇ ತುಣುಕನ್ನು ಮೂರು ಸಲ ನುಡಿಸುವ ತಿಹಾಯಿ ಹಾಕಿ, ತಾಳದ ಮೊದಲ ಪೆಟ್ಟಿನ ಮೇಲೆ ಠಪ್ಪೆಂದು ಇಳಿದರೇ ಅದಕ್ಕೆ ಸಮಾಧಾನ. ಇಲ್ಲಿ ಹಾಗಲ್ಲ. ಅದೇ ಧಾಟಿ, ಅದೇ ವೇಗ, ಕುಣಿಯುವವರಿಗೆ ಬೇಕಾದಷ್ಟು ಸಲ.

“ನನ್ನ ಕೈ ನನ್ನ ಮಾತು ಕೇಳೂದಿಲ್ಲೋ,” ಎಂದು ಅತ್ತಿಗೆ ಗೋಳಾಡುತ್ತಿದ್ದರು. “ಮುಗಸೋ ಹೊತ್ತಿಗೆ ತಾನ ಓಡತದ.”

“ಓಡ್ಲಿ ಬಿಡಿ ಅತ್ತಿಗೆ. ಕುಣಿಯೋರೂ ಓಡ್ತಾರೆ. ಜಡ್ಜ್ ಸಾಹೇಬ್ರು ಹಾಗೇ ಬಾಗಿಲು ದಾಟಿ ಪಾರ್ಕಿಂಗ್ ಲಾಟ್ ತನಕ ಹೋಗ್ಬಿಡ್ತಾರೆ.”

“ನೀ ಸುಮ್ನ ಕೂಡ್ರು.”

ಯಾವಾಗ ನಿಲ್ಲಿಸಬೇಕೆಂದು ಹೇಳುವವರು ಆ ಅಜ್ಜಿ. ಕುಣಿತದ ಹೆಜ್ಜೆಗಳನ್ನು ಕೂಗಿ ಹೇಳುವುದು ಅವರ ಕೆಲಸ. ಕೆನಡಾದ ಪೂರ್ವದ ಒಂದು ದ್ವೀಪದಲ್ಲಿ ಹುಟ್ಟಿ, ಮನೆಯಲ್ಲಿ ಗೇಲಿಕ್ ಆಡಿ ಬೆಳೆದು, ಎಷ್ಟೋ ಕಾಲದಿಂದ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿದ್ದಾರೆ. ಅವರ ಬೀದಿಯಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ ಆದ್ದರಿಂದ ಎಲ್ಲರೂ ಅವರನ್ನು ಆಂಟಿ ಎನ್ನುತ್ತಾರೆ. ಅವರೂ ‘ಅಯ್ಯೋ’ವನ್ನು ಸರಿಯಾದ ಜಾಗದಲ್ಲೇ ಬಳಸುತ್ತಾರೆ. ಕೊನೆಯ ಜೋಡಿ ತಲೆಗೆ ಬಂದಾಗ ಅವರು ‘ಲಾಸ್ಟ್ ಟೈಮ್’ ಎಂದು ಕೂಗುತ್ತಾರೆ. ಆಗ ನಡೆಯುತ್ತಿರುವ ಸುತ್ತು ಮುಗಿಸಿ ಫಿಡಲ್ ನಿಲ್ಲಬೇಕು. ಆ ‘ಟೈಮ್’ ಎಷ್ಟು ಉದ್ದವೆಂದರೆ, ಶುರುವಿನಲ್ಲಿ ಹಿತ್ತಲಿನ ಕೋಳಿಯನ್ನು ಕರೆದಂತಿದ್ದು ಕೊನೆಗೆ ಹಡಗಿನ ಹಾರನ್ ಆಗುತ್ತದೆ.

ಅದನ್ನು ಕೇಳಿದ ದಿನವೇ ನಾನು ಕದ್ದಿದ್ದೆ.

ಮನೆಯಲ್ಲಿ ಪ್ರಾಕ್ಟೀಸಿಗೆ ಕೂಗುವವರು ಬೇಕಾದರು. ಅಣ್ಣ ಕೂಗಿದರೆ ಲಿಫ್ಟಿನಲ್ಲಿ ಮಹಡಿ ಹೇಳಿದಂತಿರುತ್ತಿತ್ತು. ಹಾಗಾಗಿ ಶನಿವಾರ, ಭಾನುವಾರ ನಾನೇ ಸೋಫಾದ ಪಕ್ಕ ನಿಂತು ಅಜ್ಜಿಯಾದೆ. ಅತ್ತಿಗೆ ತವರಿನಿಂದ ತಂದ ನವಲಗುಂದದ ಜಮಖಾನದ ಮೇಲೆ ಕೂತು, ಕಣ್ಣು ಮುಚ್ಚಿ ನುಡಿಸುತ್ತಿದ್ದರು. ನಾನು ‘ಲಾಸ್ಟ್ ಟೈಮ್’ ಎಂದರೆ ಸುತ್ತು ಮುಗಿಸಿ ನಿಲ್ಲಿಸುತ್ತಿದ್ದರು. ಬೇಸಿಗೆಯೆಲ್ಲ ಇದೇ ಆಯಿತು.

“ಇಷ್ಟ ಜೋರ ಒದರಬ್ಯಾಡೋ. ಬಾಜೂ ಮನ್ಯಾವ್ರು ಪೊಲೀಸರನ್ನ ಕರಸ್ತಾರ.”

“ಕರೆಸಲಿ. ನಮಗೂ ಎರಡು ಜೋಡಿ ಕಮ್ಮಿ ಇದೆ.”

ಒಂದು ಭಾನುವಾರ ಅಜ್ಜಿಯೇ ಊಟಕ್ಕೆ ಬಂದರು. ಚಕ್ಕುಲಿ ಮುರಿಯುತ್ತಾ ತಮ್ಮ ಊರಿನ ಕಥೆ ಹೇಳಿದರು. ಮನೆಯಲ್ಲಿ ಫಿಡಲ್ ಇಲ್ಲದಿದ್ದರೆ, ಅಥವಾ ನುಡಿಸುವವನು ಕುಡಿದು ಮಲಗಿದ್ದರೆ, ಹೆಂಗಸರು ಬಾಯಿಯಲ್ಲೇ ಧಾಟಿ ಹಾಡುತ್ತಿದ್ದರಂತೆ. ಅರ್ಥಕ್ಕೆ ಬೆಲೆಯಿಲ್ಲ, ಹೆಜ್ಜೆಗೆ ಸರಿಬಿದ್ದರೆ ಸಾಕು. ಹಾಡಿಯೂ ತೋರಿಸಿದರು, ನಾಲಿಗೆ ಬಾಯೊಳಗೆ ಹಗ್ಗದಾಟ ಆಡಿದ ಹಾಗೆ.

“ನಮ್ಮಲ್ಲೆ ತಬಲಾದ ಬೋಲ್ ಹೇಳಿದಂಗ ಆತು,” ಎಂದು ಅತ್ತಿಗೆ ತೊಡೆಯ ಮೇಲೆ ತಾಳ ಹಾಕಿದರು.

ನಾನು ಸುಮ್ಮನಿರಲಿಲ್ಲ. ಅಜ್ಜಿಯ ದನಿಯಲ್ಲೇ ಅಜ್ಜಿಗೆ ‘ಲಾಸ್ಟ್ ಟೈಮ್’ ಕೇಳಿಸಿದೆ. ಅವರು ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. “ನೀನು ಹುಷಾರು, ಮಗ,” ಎಂದರು. “ಯಾವತ್ತಾದರೂ ಒಂದು ದಿನ ನಿನ್ನ ಮಾತನ್ನು ಯಾರಾದರೂ ನಂಬಿಬಿಡುತ್ತಾರೆ.” ನಾನು ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಆ ಶನಿವಾರ ಬಂತು. ಸೆಪ್ಟೆಂಬರ್ ಬಂದಿದ್ದರೂ ಆಸ್ಟಿನ್ನಿಗೆ ಸುದ್ದಿ ಮುಟ್ಟಿರಲಿಲ್ಲ. ಪಾರ್ಕಿಂಗ್ ಲಾಟಿನ ಟಾರು ಹಂಚಿನಂತೆ ಕಾದಿತ್ತು. ಹಾಲ್‌ನೊಳಗೆ ಎಸಿ ಇತ್ತು, ಆದರೆ ಅದು ಮೈಕಿನ ಮುಂದೆ ಕೆಮ್ಮುವ ಅಂಕಲ್‌ಗಳ ಜಾತಿಯದು. ಅತ್ತಿಗೆ ಹಸಿರು ಚೂಡಿದಾರ ಹಾಕಿ ತಗ್ಗಾದ ವೇದಿಕೆ ಹತ್ತಿದರು. ಕುರ್ಚಿಯ ಬೆನ್ನಿಗೆ ಮುದುಕರ ಉಣ್ಣೆಯ ಕೋಟು ಎಂದಿನಂತೆ ನೇತಾಡುತ್ತಿತ್ತು. ಅತ್ತಿಗೆ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಅದರ ಮುಂದೆ ಜಮಖಾನ ಹಾಸಿ, ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಊರಿದರು.

“ಅಣ್ಣ, ಇಷ್ಟೆಲ್ಲ ಆ ಕುರ್ಚಿಗೋಸ್ಕರ ತಾನೆ?”

“ಹೂಂ.”

“ಅದರ ಮೇಲೆ ಕೂರೋದೇ ಇಲ್ವಲ್ಲ ಇವ್ರು.”

“ನಿನಗ್ಯಾಕೆ? ಹೋಗಿ ನಿಂತ್ಕೋ,” ಎಂದು ಅಣ್ಣ ನನ್ನನ್ನು ಸಾಲಿಗೆ ದಬ್ಬಿದ. ತಾನು ಮಾತ್ರ ಆಫೀಸಿನ ಇಬ್ಬರು ಗೆಳೆಯರ ಜೊತೆ ನಿಂಬೆ ಶರಬತ್ತಿನ ಮೇಜಿನ ಪಕ್ಕ ನಿಂತುಕೊಂಡ. ಅವರು ಕುಣಿಯಲು ಬಂದವರಲ್ಲ, ಕೇಳಲು ಬಂದವರು.

ನನ್ನ ಜೋಡಿ ಅಣ್ಣನ ಮಗಳು. ಮೂರನೇ ಕ್ಲಾಸು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಾವು ತಡವಾಗಿ ಸೇರಿದ್ದರಿಂದ ಸಾಲಿನ ಬಾಲದಲ್ಲಿದ್ದೆವು. ನಮ್ಮ ಕೆಳಗೆ ಇನ್ನೊಂದೇ ಜೋಡಿ: ಮುದುಕರು ಮತ್ತು ಅವರ ಕೆಂಪು ಶೂಗಳ ಹೆಂಡತಿ. ಮುದುಕರು ತೋಳು ಮಡಚಿದ ಅಂಗಿಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ, ಜೇಬಿಗೆ ಹಾಕಿ ತೆಗೆದು ಮಾಡುತ್ತಿದ್ದರು. ಆಕೆ ನನ್ನ ಕಡೆ ಬಗ್ಗಿ, “ಹೆದರಿದ್ದಾರೆ,” ಎಂದು ಮೆಲ್ಲಗೆ ಹೇಳಿದರು. ಬಹಳ ಖುಷಿಯಲ್ಲಿದ್ದರು.

ಅಜ್ಜಿ ಕೂಗಿದರು, ಅತ್ತಿಗೆ ಬಿಲ್ಲು ಎಳೆದರು, ಸಾಲು ಹೊರಟಿತು.

ಅತ್ತಿಗೆ ಎಷ್ಟು ಚೆನ್ನಾಗಿ ನುಡಿಸಿದರೆಂದು ನಾನು ಹೇಳಿದರೆ ಮನೆಯವನ ಮಾತು ಎನ್ನುತ್ತೀರಿ. ಹೆಜ್ಜೆಗಳನ್ನು ಕೇಳಿ ಸಾಕು. ಡೆಂಟಿಸ್ಟು ಹಾರಿದರು. ಪ್ಲಂಬರು ತಮ್ಮ ಗಾತ್ರ ಮರೆತರು. ಧಾಟಿಯ ಅಂಚಿನಲ್ಲಿ ಧಾರವಾಡದ ಒಂದು ಸಣ್ಣ ಜಾರು ಇತ್ತು, ಎಳೆದ ಸ್ವರ ಕೆಳಗಿನ ಸ್ವರವನ್ನು ಮುಟ್ಟಿ ಬರುವಂಥದು; ಆ ಜಾಗ ಬಂದಾಗೆಲ್ಲ ಇಡೀ ಸಾಲು ಮೊಣಕಾಲಲ್ಲಿ ಚೂರು ಬಾಗುತ್ತಿತ್ತು. ವೇಗ ಕದಲಲಿಲ್ಲ. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೆಲಕ್ಕೆ ಕೂತಿದ್ದರಿಂದ ಅವರ ಕಣ್ಣು ನೇರ ನಮ್ಮ ಕಾಲುಗಳ ಮೇಲಿತ್ತು.

ಜೋಡಿಗಳು ಒಂದೊಂದಾಗಿ ಇಳಿದವು. ನಾನು ಮತ್ತು ಹುಡುಗಿ ತಲೆಗೆ ಬಂದೆವು. ನಮ್ಮ ನಂತರ ಮುದುಕರದು, ಅದೇ ಕೊನೆಯದು. ಇಳಿಯುತ್ತಾ ನಾನು ಎಡಕ್ಕೆ ತಿರುಗುವಲ್ಲಿ ಬಲಕ್ಕೆ ತಿರುಗಿ ಜಡ್ಜರಿಗೆ ಡಿಕ್ಕಿ ಹೊಡೆದೆ. ಹುಡುಗಿ ನಕ್ಕೂ ನಕ್ಕೂ ಸುಸ್ತಾದಳು. ನಾವು ಬಾಲ ಮುಟ್ಟಿದರೂ ನಮ್ಮ ಸುತ್ತಿನ ಧಾಟಿ ಇನ್ನೂ ಮುಗಿದಿರಲಿಲ್ಲ. ಅಜ್ಜಿ ಗೋಡೆಯ ಹತ್ತಿರ ಗ್ಲಾಸಿನಲ್ಲಿ ನೀರು ಕುಡಿಯುತ್ತಿದ್ದರು.

“ಡು ಹರ್, ಚಿಕ್ಕಪ್ಪ,” ಎಂದಳು ಹುಡುಗಿ. “ಜಸ್ಟ್ ಒನ್ಸ್.”

ಕೇಳಿದವರಿಗೆ ಇಲ್ಲ ಎನ್ನಲು ನನಗೆ ಎಂದೂ ಬಂದಿಲ್ಲ. ಕೇಳದವರಿಗೂ ಬಂದಿಲ್ಲ. ಅವಳಿಗೊಬ್ಬಳಿಗೇ ಕೇಳಿಸುವಂತೆ ಮೆಲ್ಲಗೆ ಮಾಡಬೇಕೆಂದಿದ್ದೆ. ಆದರೆ ಆ ದನಿಗೆ ಮೆಲ್ಲಗೆ ಎಂಬುದೇ ಇಲ್ಲ. ಬಾಯಿ ತೆರೆದೆ, ಹಡಗು ಬಂದರಿಗೆ ಬಂತು.

ಅಜ್ಜಿಯ ದನಿ ಕೇಳಿದ್ದರೆ ಅತ್ತಿಗೆ ಒಮ್ಮೆ ತಲೆಯೆತ್ತಿ ನೋಡುತ್ತಿದ್ದರೋ ಏನೋ. ಆದರೆ ಅವರು ಬೇಸಿಗೆಯೆಲ್ಲ ಕಲಿತದ್ದು ಅಜ್ಜಿಯ ದನಿಗಲ್ಲ, ಸೋಫಾದ ಪಕ್ಕದ ನನ್ನ ದನಿಗೆ. ಅದು ಕಿವಿಗೆ ಬಿದ್ದದ್ದೇ ಅವರ ಕೈ ಮುಗಿಸಲು ಹೊರಟಿತು. ಅದೂ ಹೇಗೆ? ನಿಲ್ಲುವ ಖುಷಿಯಲ್ಲಿ ಹಳೆಯ ಅಭ್ಯಾಸ ಎದ್ದು ಕೂತಿತು. ತುಣುಕು ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಸರಿಯಾಗಿ ಪೆಟ್ಟಿನ ಮೇಲೆ ಇಳಿದು, ಬಿಲ್ಲು ಗಾಳಿಗೆ ಎತ್ತಿ, ನಿಂತಿತು. ಗಿಟಾರ್ ಎಡವಿತು, ಡೋಲು ಎಡವಿತು, ಎರಡೂ ನಿಂತವು.

ಇಡೀ ಹಾಲ್‌ನಲ್ಲಿ ಆ ಪೆಟ್ಟಿನ ಮೇಲೆ ಸರಿಯಾಗಿ ಚಪ್ಪಾಳೆ ತಟ್ಟಿದವರು ಮೂವರು. ಅಣ್ಣ ಮತ್ತು ಅವನ ಗೆಳೆಯರು. “ವಾಹ್,” ಎಂದ ಅಣ್ಣ, ಶರಬತ್ತು ಚೆಲ್ಲಿಕೊಂಡು. ಆಮೇಲೆ ಮಿಕ್ಕವರ ಮುಖ ನೋಡಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

ಸಾಲಿನ ತಲೆಯಲ್ಲಿ ಮುದುಕರ ಹೆಂಡತಿ ಎರಡೂ ಕೈ ಚಾಚಿ ನಿಂತಿದ್ದರು. ಮುದುಕರು ಆಗಷ್ಟೇ ಜೇಬಿನಿಂದ ತಮ್ಮ ಕೈ ತೆಗೆದಿದ್ದರು. ಆಕೆಯ ಕೈಗಳು ಮೆಲ್ಲನೆ ಕೆಳಗಿಳಿದವು.

“ನಾನು ಕೂಗಲಿಲ್ಲ,” ಎಂದರು ಅಜ್ಜಿ, ಗ್ಲಾಸು ಹಿಡಿದೇ.

ಅತ್ತಿಗೆ ಅಜ್ಜಿಯನ್ನು ನೋಡಿದರು. ಆಮೇಲೆ ಸಾಲಿನ ತಲೆಯಲ್ಲಿದ್ದ ಜೋಡಿಯನ್ನು ನೋಡಿದರು. ಆಮೇಲೆ ನನ್ನನ್ನು. ಅವರ ಮುಖದ ಬಣ್ಣ ಹೋಯಿತು. ಡೋಲಿನವರು ತಲೆ ಅಲ್ಲಾಡಿಸಿ ಗಿಟಾರಿನವರಿಗೆ ಏನೋ ಹೇಳಿದರು. ಡಾಲಸ್ ಎಂಬುದಷ್ಟೇ ನನಗೆ ಕೇಳಿಸಿತು. ನನ್ನ ಜೋಡಿ ಕೈ ಎತ್ತಿ, ನೇರ ನನ್ನ ಹೊಟ್ಟೆಗೆ ಬೆರಳು ತೋರಿಸಿ, “ಹಿ ಡಿಡ್ ಇಟ್,” ಎಂದಳು. ರಕ್ತಸಂಬಂಧ ಅಷ್ಟೇ.

ಆಗ ಒಬ್ಬ ಬುದ್ಧಿವಂತ ಏನು ಮಾಡುತ್ತಾನೆ? ತಪ್ಪಾಯಿತು ಎನ್ನುತ್ತಾನೆ. ನಾನು ಮಾಡಿದ್ದೇನೆಂದರೆ, ಮತ್ತೆ ಅಜ್ಜಿಯ ದನಿಯಲ್ಲೇ, “ಒನ್ಸ್ ಮೋರ್, ಎವ್ರಿಬಡಿ,” ಎಂದು ಕೂಗಿದೆ. ಯಾರೂ ಕದಲಲಿಲ್ಲ. ನಿಜವಾದ ಅಜ್ಜಿ ಅಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದರಲ್ಲ.

ಅವರು ಗ್ಲಾಸು ಕಿಟಕಿಯ ಮೇಲಿಟ್ಟು ನನ್ನ ಹತ್ತಿರ ಬಂದರು. ಬೈಯಲಿಲ್ಲ. “ನನ್ನ ದನಿ ತೆಗೆದುಕೊಂಡೆ, ಆಯಿತು,” ಎಂದರು. “ಈಗ ಫಿಡಲಿನ ದನಿ ತೆಗೆ. ಇವರಿಬ್ಬರ ಸರದಿ ಬಾಕಿ ಇದೆ.”

“ನಾನಾ?”

“ಬಾಯಿ ನಿನ್ನದೇ ತಾನೆ?”

ಬೇಸಿಗೆಯೆಲ್ಲ ಕೇಳಿದ ಧಾಟಿ, ತಲೆಯಲ್ಲಿ ಪೂರ್ತಿ ಇತ್ತು. ಬಾಯಿಗೆ ತಂದೆ. ಅಜ್ಜಿ ಊಟದ ಮೇಜಿನಲ್ಲಿ ಹಾಡಿದಂತೆ ನಾಲಿಗೆ ಹೊರಳಿಸಲು ಹೋದೆ. ಹೊರಟದ್ದು ಸೀಟಿ ಬರುವುದಕ್ಕೆ ಮುಂಚಿನ ಕುಕ್ಕರಿನ ಸದ್ದು. ಯಾರದೇ ದನಿ ಮಾಡಬಲ್ಲೆನೆಂದು ಊರೆಲ್ಲ ಹೇಳಿಕೊಂಡು ತಿರುಗುವವನಿಗೆ ಆ ಹೊತ್ತಿನಲ್ಲಿ ಸಿಕ್ಕದ್ದು ಕುಕ್ಕರು. ಆದರೂ ತಾಳ ಇತ್ತು. ಅಜ್ಜಿ ಅಂಗೈ ತಟ್ಟುತ್ತಾ ಪಕ್ಕದಿಂದ ತಮ್ಮ ಗೇಲಿಕ್ ಬಾಯಿಹಾಡನ್ನು ಸೇರಿಸಿದರು. ಕೆಂಪು ಶೂಗಳು ಹೊರಟವು.

ಹೊರಟವು, ಆದರೆ ಸಾಲಿನ ನಡುವೆ ಬರುವ ಹೊತ್ತಿಗೆ ನನ್ನ ಉಸಿರು ಮುಗಿಯಿತು. ಧಾಟಿ ಕುಂಟಿತು. ಅಜ್ಜಿಗೂ ವಯಸ್ಸಾಗಿದೆ, ಅವರೂ ಕೆಮ್ಮಿದರು. ಇನ್ನೇನು ಮತ್ತೆ ನಿಲ್ಲುತ್ತದೆ ಎನ್ನುವಷ್ಟರಲ್ಲಿ ನಮ್ಮ ದನಿಯ ಅಡಿಯಿಂದ ಪಿಟೀಲು ಮೇಲೆದ್ದಿತು. ಧಾಟಿಯ ಮೊದಲಿನಿಂದಲ್ಲ. ಆ ಕಾಲುಗಳು ಎಲ್ಲಿದ್ದವೋ ಸರಿಯಾಗಿ ಅಲ್ಲಿಂದ. ಯಾರೂ ಶುರು ಮಾಡಿ ಎಂದು ಹೇಳಿರಲಿಲ್ಲ. ಅತ್ತಿಗೆ ನನ್ನ ಕಡೆ ನೋಡಲಿಲ್ಲ, ಅಜ್ಜಿಯ ಕಡೆಯೂ ನೋಡಲಿಲ್ಲ. ಅವರ ಕಣ್ಣು ಆ ಕೆಂಪು ಶೂಗಳ ಮೇಲಿತ್ತು.

ಆಮೇಲೆ ಗೊತ್ತಾದ ಸಂಗತಿ: ಮುದುಕರಿಗೆ ಕುಣಿಯಲು ಬರುವುದಿಲ್ಲ. ಅಷ್ಟು ವರ್ಷ ಕುರ್ಚಿಯ ಮೇಲಿದ್ದುದರಿಂದ ಅದು ಯಾರಿಗೂ ತಿಳಿದಿರಲಿಲ್ಲ, ಬಹುಶಃ ಅವರಿಗೂ. ಎಡವೆಂದರೆ ಬಲಕ್ಕೆ ಹೋದರು. ಡೆಂಟಿಸ್ಟರ ಕೈ ಹಿಡಿಯುವಲ್ಲಿ ಕಂಬ ಹಿಡಿದರು. ನನ್ನನ್ನು ತಿರುಗಿಸಬೇಕಾದವರು ನನ್ನ ಸುತ್ತ ತಾವೇ ಪ್ರದಕ್ಷಿಣೆ ಹಾಕಿದರು. ಅವರ ಹೆಂಡತಿ ಪ್ರತಿ ಸಲವೂ ಅಂಗಿಯ ತೋಳು ಹಿಡಿದು ವಾಪಸ್ ಎಳೆದು ತರುತ್ತಿದ್ದರು, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ. ಬೇರೆಯವರಿಗೆ ಒಂದೇ ಸುತ್ತಿನಲ್ಲಿ ಆಗುವ ದಾರಿ ಅವರಿಗೆ ಎಷ್ಟೋ ಸುತ್ತು ಹಿಡಿಯಿತು. ಅತ್ತಿಗೆ ಅಷ್ಟೂ ಸಲ ಧಾಟಿಯನ್ನು ತಿರುಗಿಸಿದರು. ಓಡಲಿಲ್ಲ, ಬೆಳೆಸಲಿಲ್ಲ. ಮುದುಕರು ಎಡವಿದ ಕಡೆ ಬಿಲ್ಲನ್ನು ಚೂರೇ ಚೂರು ಎಳೆದು, ಅವರ ಕಾಲು ನೆಲ ಮುಟ್ಟುವವರೆಗೆ ಕಾದು, ಮತ್ತೆ ಮುಂದಕ್ಕೆ ಹೋದರು.

ಅವರಿಬ್ಬರೂ ಬಾಲಕ್ಕೆ ಹತ್ತಿರವಾದಾಗ ಅಜ್ಜಿ, ಈ ಸಲ ಅಜ್ಜಿಯೇ, “ಲಾಸ್ಟ್ ಟೈಮ್” ಎಂದರು. ಅತ್ತಿಗೆ ಆ ದನಿಗೆ ನಿಲ್ಲಿಸಲಿಲ್ಲ. ಕೆಂಪು ಶೂಗಳೂ ಕಪ್ಪು ಶೂಗಳೂ ಸಾಲಿನ ಕೊನೆಯಲ್ಲಿ ಜೊತೆಯಾಗಿ ನಿಂತ ಮೇಲೆ ಬಿಲ್ಲು ಎತ್ತಿದರು. ತಿಹಾಯಿ ಇರಲಿಲ್ಲ. ಚಪ್ಪಾಳೆ ಈ ಸಲ ಎಲ್ಲರದೂ ಇತ್ತು. ಅಣ್ಣ ಮಾತ್ರ ಅನುಮಾನದಿಂದ ಅಕ್ಕಪಕ್ಕ ನೋಡಿ ಆಮೇಲೆ ತಟ್ಟಿದ.

ಡೋಲಿನವರು ಗಂಟಲು ಸರಿಮಾಡಿಕೊಂಡು, “ಚೆನ್ನಾಗಿತ್ತು. ಆದರೆ ನಡುವೆ ನಿಂತಿತಲ್ಲ,” ಎಂದರು.

ನಾನು ಮುಂದೆ ಬಂದು, “ಅದು ನನ್ನ ತಪ್ಪು, ಅವರದಲ್ಲ,” ಎಂದೆ. ಅಂದು ಎಲ್ಲರೆದುರು ನನ್ನದೇ ದನಿಯಲ್ಲಿ ಆಡಿದ ಮೊದಲ ವಾಕ್ಯ ಅದು. ಅಷ್ಟು ತೆಳ್ಳಗಿದ್ದುದರಿಂದ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ಅಜ್ಜಿ ಮುದುಕರ ಕಡೆ ನೋಡಿದರು. ಮುದುಕರು ಇನ್ನೂ ಏದುಸಿರು ಬಿಡುತ್ತಿದ್ದರು. ಹೆಂಡತಿಯ ಕೈ ಹಿಡಿದುಕೊಂಡೇ ವೇದಿಕೆಯ ಹತ್ತಿರ ಬಂದು, ಅತ್ತಿಗೆಯ ತಲೆಯ ಮೇಲಿಂದ ಕೈ ಚಾಚಿ, ಕುರ್ಚಿಯ ಬೆನ್ನಿನಿಂದ ಕೋಟು ತೆಗೆದರು. ಬೆವರಿನಲ್ಲಿ ಒದ್ದೆಯಾದ ಅಂಗಿಯ ಮೇಲೆ ಆ ಉಣ್ಣೆಯ ಕೋಟು ತೊಟ್ಟು, ಎರಡೂ ಗುಂಡಿ ಹಾಕಿದರು.

“ನಡುವೆ ನಿಂತಿರಬಹುದು. ನಾವು ಕೊನೆಯ ಜೋಡಿ. ನಮ್ಮ ಸರದಿ ಆಯಿತು,” ಎಂದರು. ಡೋಲಿನವರು ಡೋಲನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು.

ಅತ್ತಿಗೆ ಬಿಲ್ಲಿಗೆ ರಾಳ ಹಚ್ಚುವ ನೆವದಲ್ಲಿ ತಲೆ ತಗ್ಗಿಸಿದರು. ರಾಳ ಹಚ್ಚಿದ್ದೇ ಹಚ್ಚಿದ್ದು. ಆಮೇಲೆ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ ಕುರ್ಚಿಯ ಬರಿಯ ಬೆನ್ನನ್ನು ನೋಡಿದರು. ಟೆಕ್ಸಾಸಿನ ಆ ಸೆಕೆಯಲ್ಲಿ ಅವರು ಕೋಟು ತರುವುದುಂಟೆ? ಕೊರಳಲ್ಲಿದ್ದ ದುಪಟ್ಟಾ ತೆಗೆದು ಅದಕ್ಕೆ ಹಾಕಿದರು.

ಆ ಸಂಜೆ ಇನ್ನೂ ಎಷ್ಟೋ ಕುಣಿತಗಳಾದವು. ಅಷ್ಟಕ್ಕೂ ಅತ್ತಿಗೆಯೇ ನುಡಿಸಿದರು. ಮುದುಕರು ಒಂದನ್ನೂ ಬಿಡಲಿಲ್ಲ, ಒಂದನ್ನೂ ಸರಿಯಾಗಿ ಕುಣಿಯಲಿಲ್ಲ. ಅಣ್ಣನನ್ನೂ ಅಜ್ಜಿ ಶರಬತ್ತಿನ ಮೇಜಿನಿಂದ ಬಿಡಿಸಿ ಎಳೆದು ತಂದರು. ಅವನು ಕುಣಿದದ್ದನ್ನು ನಾನು ಆಮೇಲೆ ವಾರಗಟ್ಟಲೆ ಮಾಡಿ ತೋರಿಸಿದ್ದೇನೆ. ನಾನು ಮಾತ್ರ ಅವತ್ತು ಬಾಯಿ ಬಿಗಿಹಿಡಿದು, ಅಣ್ಣನ ಮಗಳ ಜೊತೆ, ಅವಳು ಎಳೆದ ಕಡೆಗೆ ತಿರುಗಿದೆ. ಅತ್ತಿಗೆ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

ಎಲ್ಲ ಮುಗಿದು ವ್ಯಾನಿಗೆ ಸಾಮಾನು ಹೋಗುತ್ತಿತ್ತು. ಕುರ್ಚಿ ದುಪಟ್ಟಾ ಸಮೇತ ಹೊರಟಿತು. ಅತ್ತಿಗೆ ಜಮಖಾನ ಕೊಡವುತ್ತಿದ್ದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಬೇಡವೆನ್ನಲಿಲ್ಲ. ಅದೇ ಧೈರ್ಯದ ಮೇಲೆ ಮೆಲ್ಲಗೆ ಶುರುಮಾಡಿದೆ.

“ಮುಂದಿನ ತಿಂಗಳು ಹ್ಯೂಸ್ಟನ್ ಅಲ್ವಾ ಅತ್ತಿಗೆ? ನಾನೂ ಬರ್ತೀನಿ. ಹೇಗಿದ್ರೂ ನೀವು ಕೆಳಗೆ ಕೂರ್ತೀರ, ಕುರ್ಚಿ ಖಾಲಿ ಇರತ್ತೆ. ನಾನು ಕೂತ್ಕೋಬಹುದಾ?”

ಅತ್ತಿಗೆ ನನ್ನ ಕೈಯಲ್ಲಿದ್ದ ತುದಿಯನ್ನು ತಾವೇ ತೆಗೆದುಕೊಂಡು, ಅಂಚಿಗೆ ಅಂಚು ಸೇರಿಸಿ ಮಡಚಿ, ಜಮಖಾನವನ್ನು ಬಗಲಿಗೆ ಇಟ್ಟುಕೊಂಡರು.

“ಬರ್ರಿ ಮೈದುನರ, ಅಗದೀ ಆರಾಮಾಗಿ ಕೂಡ್ರಿ,” ಎಂದರು. “ಬಾಯಿ ಒಂದು ಯೂಲೆಸ್‌ನಾಗ ಇಟ್ಟು ಬರ್ರಿ.”